ನಮ್ಮನ್ನು ತಿದ್ದಿದ ನಾಲ್ಕು ಮಾತು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಲದ ರಾಜ್ಯೋತ್ಸವದಲ್ಲಿ ನೀವೂ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಒಲ್ಲೆವೆಂದೇ ಹೇಳಿದೆವು. ನಾಡಿನ ಚರಿತ್ರೆಯನ್ನು ಹೇಳಲು ನಾವು ಪಂಡಿತರಲ್ಲ; ನುಡಿಯ ಹಿರಿಮೆಯನ್ನು ಹಾಡಲು ಕವಿಗಳಲ್ಲ. ಆದರೆ ಅವರು ಬಿಡುವ ಜನವಲ್ಲ. “ಪಾಂಡಿತ್ಯ ಬೇಡ. ನಿಮ್ಮ ಬಾಳಿನ ದಾರಿಯನ್ನು ತಿರುಗಿಸಿದ ಮಾತುಗಳು ಯಾವುವಾದರೂ ಇದ್ದರೆ ಅವನ್ನೇ ಹೇಳಿ, ನಮ್ಮ ಮಕ್ಕಳಿಗೆ ಉಪಯೋಗವಾದೀತು” ಎಂದರು. ಹಾಗೆ ನೆನೆದುಕೊಂಡು ನೋಡಿದಾಗ ನಾಲ್ಕು ಮಾತುಗಳು ಸಿಕ್ಕಿದುವು. ಅಧ್ಯಕ್ಷರು ‘ನಾಲ್ಕು ಮಾತು’ ಎಂದು ಕರೆದದ್ದು ಲೆಕ್ಕಕ್ಕೂ ಸರಿಯಾಯಿತು.

ಒಂದು ವಿಷಯವನ್ನು ಮೊದಲೇ ಅರಿಕೆ ಮಾಡಿಕೊಳ್ಳಬೇಕು. ನಾವು ಮಾತುಮಾತಿಗೆ ‘ನಾವು’ ಎನ್ನುವುದು ದೊಡ್ಡಸ್ತಿಕೆಯಿಂದಲ್ಲ. ನಾವು ಇಬ್ಬರಿದ್ದೆವು, ಅಣ್ಣ ಮತ್ತು ತಮ್ಮ. 1963ರಲ್ಲಿ ಕುಂದಾಪುರದ ಕಡೆಯ ಒಂದು ಸಣ್ಣ ಹಳ್ಳಿಯಿಂದ ಹೊರಟು, ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ರೈಲು ಹಿಡಿದು, ಪುಣೆಯಲ್ಲಿ ಗಾಡಿ ಬದಲಿಸಿ, ಒಂದೇ ಟ್ರಂಕಿನ ಎರಡು ಕಿವಿಗಳನ್ನು ಇಬ್ಬರೂ ಹಿಡಿದುಕೊಂಡು ಮುಂಬಯಿಯಲ್ಲಿ ಇಳಿದೆವು. ದೊಡ್ಡವನಿಗೆ ಹದಿನಾರು, ಚಿಕ್ಕವನಿಗೆ ಹದಿಮೂರು. ಇಂದು ಇಲ್ಲಿ ನಿಂತಿರುವವನು ಚಿಕ್ಕವನು. ದೊಡ್ಡವನು 2014ರಲ್ಲಿ ತೀರಿಕೊಂಡ. ಆದರೂ ಕಷ್ಟವನ್ನೂ ಅನ್ನವನ್ನೂ ಇಬ್ಬರೂ ಪಾಲು ಹಾಕಿಕೊಂಡವರಾದ್ದರಿಂದ ಕಥೆಯನ್ನು ಒಬ್ಬನದಾಗಿ ಹೇಳಲು ಮನಸ್ಸು ಒಪ್ಪುವುದಿಲ್ಲ.

ಮೊದಲನೆಯ ಮಾತು ನಮ್ಮ ಅವ್ವನದು.

ತಂದೆ ಹೋದ ಮೇಲೆ ಗದ್ದೆಯ ಸಾಲ, ಮೂವರು ತಂಗಿಯರು, ಮಳೆಗೆ ಸೋರುವ ಮಾಡು, ಇವು ಅವಳ ಪಾಲಿಗೆ ಉಳಿದಿದ್ದುವು. ಅವಳಿಗೆ ಓದು ಬರಹ ಬಾರದು. ನಾವು ಹೊರಟ ದಿನ ಬಸ್ಸಿನ ಕಿಟಕಿಯ ಹತ್ತಿರ ನಿಂತು ಅವಳು ಹೇಳಿದ್ದು ಇಷ್ಟೇ: “ಮಕ್ಕಳೇ, ಬರಿಯ ದುಡ್ಡು ಕಳಿಸಬೇಡಿ. ದುಡ್ಡು ಉಂಡು ಮುಗಿಯುತ್ತದೆ. ಜೊತೆಗೆ ಎರಡು ಅಕ್ಷರ ಬರೆಯಿರಿ.”

ಮನಿಯಾರ್ಡರಿನ ಫಾರಮನ್ನು ಇಲ್ಲಿಯ ಹಿರಿಯರೆಲ್ಲರೂ ಬಲ್ಲರು, ಕಿರಿಯರಿಗಾಗಿ ಹೇಳುತ್ತೇವೆ. ಆ ಫಾರಮಿಗೆ ಸೇರಿದಂತೆ ಒಂದು ಸಣ್ಣ ಚೀಟಿ ಇರುತ್ತಿತ್ತು. ನಾಲ್ಕೈದು ಸಾಲು ಬರೆಯುವಷ್ಟು ಜಾಗ. ಅಂಚೆಯವನು ಹಣವನ್ನು ಎಣಿಸಿಕೊಟ್ಟು ಆ ಚೀಟಿಯನ್ನು ಹರಿದು ಅವರ ಕೈಗೆ ಕೊಡುತ್ತಿದ್ದ. ಇನ್ನೊಂದು ತುಂಡಿನ ಮೇಲೆ ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುತ್ತಿದ್ದ. ಅದು ಮುಂಬಯಿಗೆ ಮರಳಿ ಬರುತ್ತಿತ್ತು. ಹೀಗೆ ತಿಂಗಳಿಗೊಮ್ಮೆ ನಮ್ಮ ಅಕ್ಷರ ಅವಳಿಗೆ ಹೋಗುವುದು, ಅವಳ ಹೆಬ್ಬೆಟ್ಟು ನಮಗೆ ಬರುವುದು. ಇದೇ ನಮ್ಮ ಮಾತುಕತೆ.

ಈಗ ನಮ್ಮ ತಪ್ಪನ್ನು ಹೇಳಬೇಕು. ಊರಿನಲ್ಲಿ ಎಲ್ಲರಿಗೂ “ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸ” ಎಂದು ಹೇಳಿ ಬಂದಿದ್ದೆವು. ನಿಜದಲ್ಲಿ ದೊಡ್ಡವನು ಟೇಬಲ್ಲು ಒರೆಸುತ್ತಿದ್ದ, ಚಿಕ್ಕವನು ಗ್ಲಾಸು ತೊಳೆಯುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಅದೇ ಟೇಬಲ್ಲುಗಳ ಮೇಲೆ ಹಾಸಿಗೆ. ಹದಿಮೂರರ ಹುಡುಗನನ್ನು ಹಾಗೆ ದುಡಿಸಿದ್ದು ಒಳ್ಳೆಯದೆಂದು ಹೊಗಳುವವರು ನಾವಲ್ಲ. ಇಂದು ಕಾನೂನು ಅದನ್ನು ತಡೆದಿರುವುದು ಸರಿಯಾಗಿಯೇ ಇದೆ. ಆದರೆ ಅಂದು ನಮ್ಮನ್ನು ಸುಟ್ಟದ್ದು ದುಡಿತವಲ್ಲ, ನಾಚಿಕೆ. “ಗಲ್ಲಾದ ಹತ್ತಿರ ಕೂತು ಲೆಕ್ಕ ಬರೆಯುತ್ತೇವೆ, ಸುಖವಾಗಿದ್ದೇವೆ” ಎಂದು ಪ್ರತಿ ತಿಂಗಳೂ ಬರೆಯುತ್ತಿದ್ದೆವು. ಒಂದು ದಿನ ನಮ್ಮೂರಿನವರೊಬ್ಬರು ಅದೇ ಹೋಟೆಲಿಗೆ ಕಾಫಿ ಕುಡಿಯಲು ಬಂದರು. ಕೊಳೆ ಗ್ಲಾಸುಗಳ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಿದ್ದ ಚಿಕ್ಕವನ ಮುಖವನ್ನು ದಿಟ್ಟಿಸಿ ನೋಡಿದರು, ಏನೂ ಅನ್ನಲಿಲ್ಲ. ಇನ್ನು ಊರಿಗೆ ಸುದ್ದಿ ಮುಟ್ಟುವುದು ಖಂಡಿತವೆಂದು ನಮಗೆ ಅನಿಸಿತು. ಸುಳ್ಳನ್ನು ಮುಂದುವರಿಸಲು ಧೈರ್ಯ ಬರಲಿಲ್ಲ, ನಿಜವನ್ನು ಬರೆಯಲು ಮನಸ್ಸು ಬರಲಿಲ್ಲ. ಅಂದಿನಿಂದ ಚೀಟಿಯನ್ನು ಖಾಲಿಯಾಗಿಯೇ ಕಳಿಸತೊಡಗಿದೆವು. ಹಣ ಒಂದು ತಿಂಗಳೂ ತಪ್ಪಲಿಲ್ಲ. ಅಕ್ಷರ ಮಾತ್ರ ಹದಿನೆಂಟು ತಿಂಗಳು ಹೋಗಲಿಲ್ಲ.

ಎರಡನೆಯ ಮಾತು ಅಡಿಗೆಯ ಭಟ್ಟರದು.

ಭಟ್ಟರಿಗೆ ಅರುವತ್ತು ದಾಟಿತ್ತು. ಮಾತು ಕಡಿಮೆ, ಸಿಟ್ಟು ಹೆಚ್ಚು. ಒಂದು ರಾತ್ರಿ ನಾವು ಮನಿಯಾರ್ಡರಿನ ಫಾರಮನ್ನು ಹಿಡಿದು ಸುಮ್ಮನೆ ಕೂತಿರುವುದನ್ನು ಕಂಡು ಏನೆಂದು ಕೇಳಿದರು. ದೊಡ್ಡವನು ಎಲ್ಲವನ್ನೂ ಹೇಳಿಬಿಟ್ಟ. ಭಟ್ಟರು ಬೈಯಲಿಲ್ಲ. ಒಂದು ಗ್ಲಾಸನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿ ಹೇಳಿದರು: “ಗ್ಲಾಸು ತೊಳೆಯುವುದು ನಾಚಿಕೆಯಲ್ಲ ಮಾಣಿ. ಕೊಳೆ ಗ್ಲಾಸಿನಲ್ಲಿ ಕಾಫಿ ಕೊಡುವುದು ನಾಚಿಕೆ.”

ಇಷ್ಟು ಸಣ್ಣ ಮಾತು. ಆದರೆ ಅಲ್ಲಿಯವರೆಗೆ ನಾಚಿಕೆಯನ್ನು ನಾವು ಕೆಲಸದ ಹೆಸರಿನಲ್ಲಿ ಇಟ್ಟಿದ್ದೆವು. ಅಂದಿನಿಂದ ಅದನ್ನು ಕೆಲಸದ ರೀತಿಯಲ್ಲಿ ಇಡಲು ಕಲಿತೆವು. ಮುಂದೆ ರಾತ್ರಿ ಶಾಲೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳಿದಾಗ ಭಟ್ಟರ ಮಾತಿಗೆ ಎಂಟು ನೂರು ವರ್ಷದ ಹಿಂದಿನ ಸಾಕ್ಷಿ ಸಿಕ್ಕಿದಂತಾಯಿತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಅದಕ್ಕಿಂತ ಕಿರಿದಾದ ಕೆಲಸ ಇನ್ನಾವುದಿದ್ದೀತು? ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದು ಹೆಂಡತಿ ಅವನನ್ನು ತಡೆದು, ಹೆಚ್ಚಾದದ್ದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿ ಕಳಿಸಿದಳಂತೆ. ಅಕ್ಕಿ ಆಯುವುದರಲ್ಲಿ ಅವಳಿಗೆ ಹೀನತೆ ಕಾಣಲಿಲ್ಲ. ಬೇಕಾದುದಕ್ಕಿಂತ ಹೆಚ್ಚು ಆಯುವುದರಲ್ಲಿ ಕಂಡಿತು. ಆ ಇಬ್ಬರೂ ವಚನಕಾರರ ಸಾಲಿನಲ್ಲಿ ನಿಂತಿದ್ದಾರೆ. 

ಆ ರಾತ್ರಿಯೇ ನಾವು ಚೀಟಿಯಲ್ಲಿ ನಿಜವನ್ನು ಬರೆದೆವು: “ಅವ್ವಾ, ನಾವು ಲೆಕ್ಕ ಬರೆಯುವುದಿಲ್ಲ. ಒಬ್ಬ ಟೇಬಲ್ಲು ಒರೆಸುತ್ತಾನೆ, ಒಬ್ಬ ಗ್ಲಾಸು ತೊಳೆಯುತ್ತಾನೆ. ಗ್ಲಾಸು ಚೊಕ್ಕವಾಗಿ ತೊಳೆಯುತ್ತೇವೆ.” ಹದಿನೈದು ದಿನಕ್ಕೆ ಊರಿನ ಶಾಲೆಯ ಮಾಸ್ತರರಿಂದ ಬರೆಯಿಸಿದ ಕಾರ್ಡು ಬಂತು. ತನಗೆ ಅದು ಮೊದಲನೆಯ ವರ್ಷವೇ ಗೊತ್ತಾಗಿತ್ತೆಂದೂ, ಸುಳ್ಳಾದರೂ ಸರಿ, ಮಕ್ಕಳ ಅಕ್ಷರ ಬರಲಿ ಎಂದು ಕಾದಿದ್ದೆನೆಂದೂ ಅವಳು ಹೇಳಿ ಬರೆಯಿಸಿದ್ದಳು.

1978ರಲ್ಲಿ ಅವ್ವ ಹೋದಳು. ಉತ್ತರಕ್ರಿಯೆ ಮುಗಿದ ಮೇಲೆ ಅವಳ ತಗಡಿನ ಪೆಟ್ಟಿಗೆಯನ್ನು ತೆಗೆದು ನೋಡಿದೆವು. ಹದಿನೈದು ವರ್ಷದ ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದಳು. ಬರೆದ ಚೀಟಿಗಳ ಅಂಚು ಸವೆದು ಎಣ್ಣೆ ಹತ್ತಿದ್ದುವು. ಯಾರು ಯಾರಿಂದಲೋ ಮತ್ತೆ ಮತ್ತೆ ಓದಿಸಿ ಕೇಳಿದ್ದಳೆಂದು ಕಾಣುತ್ತದೆ. ಖಾಲಿ ಚೀಟಿಗಳೂ ಅಲ್ಲಿದ್ದುವು, ಹದಿನೆಂಟು. ಅವುಗಳನ್ನೂ ಅವಳು ಎಸೆದಿರಲಿಲ್ಲ. ಅವು ಮಾತ್ರ ಅಂಚೆಯಿಂದ ಬಂದ ಹೊಸದರಲ್ಲಿ ಹೇಗಿದ್ದುವೋ ಹಾಗೆಯೇ ಇದ್ದುವು. ಬಂಧುಗಳೇ, ಆ ಹದಿನೆಂಟು ಚೀಟಿಗಳನ್ನು ಕಂಡಾಗ ಆದ ದುಃಖ ನಮಗೆ ಸಾಲದ ನೋಟೀಸು ಬಂದಾಗಲೂ ಆಗಿರಲಿಲ್ಲ.

ಮೂರನೆಯ ಮಾತು ರಾತ್ರಿ ಶಾಲೆಯ ಮಾಸ್ತರರದು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಮೊಗವೀರರು, ಬಿಲ್ಲವರು ಮೊದಲಾದ ನಮ್ಮ ಕರಾವಳಿಯ ಸಮಾಜಗಳು ಇಲ್ಲಿ ಸಂಘ ಕಟ್ಟಿಕೊಂಡು, ಹಗಲು ಹೋಟೆಲಿನಲ್ಲಿಯೂ ಗಿರಣಿಯಲ್ಲಿಯೂ ಬಂದರಿನಲ್ಲಿಯೂ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದುವು. ನಾವು ಕರ್ನಾಟಕವನ್ನು ನಿಜವಾಗಿ ಕಂಡದ್ದೂ ಅಲ್ಲಿಯೇ. ನಮ್ಮ ಪಕ್ಕದ ಬೆಂಚಿನಲ್ಲಿ ವಿಜಾಪುರದ ಕಡೆಯ ಹುಡುಗನಿದ್ದ, ಹಿಂದೆ ಕಲಬುರ್ಗಿಯವನು. ಮಾಸ್ತರರು ಧಾರವಾಡದವರು. 1956ನೆಯ ನವೆಂಬರ್ 1ಕ್ಕೆ ಮೊದಲು ಇವರೆಲ್ಲರೂ ಬೇರೆ ಬೇರೆ ಆಳ್ವಿಕೆಯವರು: ಒಬ್ಬರು ಮುಂಬಯಿ ಪ್ರಾಂತದವರು, ಒಬ್ಬರು ಹೈದರಾಬಾದಿನವರು, ನಾವು ಮದರಾಸಿನವರು. ಮೊದಮೊದಲು ಒಬ್ಬರ ಕನ್ನಡ ಒಬ್ಬರಿಗೆ ನಗೆಯಾಗುತ್ತಿತ್ತು. ಒಂದೇ ಲಾಟೀನಿನ ಕೆಳಗೆ ಕೂತು ಓದಿದ ಮೇಲೆ ಅದು ಸಲಿಗೆಯಾಯಿತು.

ನಮ್ಮಲ್ಲಿ ಇಬ್ಬರೂ ಓದುವುದೆಂದರೆ ಇಬ್ಬರ ಸಂಜೆಯ ಪಾಳಿಯೂ ತಪ್ಪಬೇಕು. ಧಣಿಗಳು ಅದಕ್ಕೆ ಒಪ್ಪುವಂತಿರಲಿಲ್ಲ. ಆದ್ದರಿಂದ ದೊಡ್ಡವನು ತನ್ನ ಪಾಳಿಯ ಜೊತೆಗೆ ಚಿಕ್ಕವನದನ್ನೂ ಹೊತ್ತು ಅವನನ್ನು ಶಾಲೆಗೆ ಕಳಿಸಿದ. ಶಾಲೆಗೆ ಹೋದವನು “ಓದಲು ಹೊತ್ತೇ ಸಿಗುವುದಿಲ್ಲ” ಎಂದು ಮಾಸ್ತರರ ಮುಂದೆ ಅತ್ತ. ಆಗ ಅವರು ವಿಶ್ವೇಶ್ವರಯ್ಯನವರ ವಿಚಾರ ಹೇಳಿದರು. ಮುದ್ದೇನಹಳ್ಳಿಯ ಹುಡುಗ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ಕೆಲಸಕ್ಕೆ ಸೇರಿದವರು. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದ ಕನ್ನಡಿಗರೇ. ಪುಣೆಯ ಹತ್ತಿರದ ಖಡಕ್‌ವಾಸಲಾ ಕೆರೆಯಲ್ಲಿ ಮಳೆಗಾಲದ ನೀರು ಕಟ್ಟೆಯ ಕೋಡಿ ಹರಿದು ಸುಮ್ಮನೆ ಹೋಗುತ್ತಿತ್ತು. ಕಟ್ಟೆಯನ್ನು ಎತ್ತರಿಸುವುದಕ್ಕೆ ಬದಲು ಅವರು 1903ರಲ್ಲಿ ಕೋಡಿಗೆ ತಮ್ಮಷ್ಟಕ್ಕೆ ತಾವೇ ಮುಚ್ಚಿ ತೆರೆಯುವ ಬಾಗಿಲುಗಳನ್ನು ಕೂಡಿಸಿದರು. ಕಟ್ಟೆ ಅಷ್ಟೇ, ಕೆರೆ ಅಷ್ಟೇ. ನಿಲ್ಲುವ ನೀರು ಮಾತ್ರ ಹೆಚ್ಚಾಯಿತು.

“ದಿನದ ಕಟ್ಟೆಯನ್ನು ಯಾರೂ ಎತ್ತರಿಸಲಾರರು, ಇಪ್ಪತ್ತನಾಲ್ಕು ಗಂಟೆ ಎಲ್ಲರಿಗೂ ಅಷ್ಟೇ” ಎಂದರು ಮಾಸ್ತರರು. “ನಿನ್ನ ಹೊತ್ತು ಎಲ್ಲಿ ಕೋಡಿ ಹರಿಯುತ್ತದೆ ಎಂದು ನೋಡು. ಅಲ್ಲಿ ಒಂದು ಬಾಗಿಲು ಇಡು.”

ನೋಡಿದೆವು. ಹಾಲಿನವನು ಬರುವವರೆಗೆ ಕಾಯುವ ಕಾಲು ಗಂಟೆ, ಮಧ್ಯಾಹ್ನ ಗಿರಾಕಿಗಳಿಲ್ಲದ ಮುಕ್ಕಾಲು ಗಂಟೆ, ಹಿಟ್ಟು ರುಬ್ಬುವಾಗ ಬಾಯಿಗೆ ಕೆಲಸವಿಲ್ಲದ ಒಂದು ಗಂಟೆ. ದೊಡ್ಡವನು ರುಬ್ಬುವಾಗ ಚಿಕ್ಕವನು ಪಾಠವನ್ನು ಗಟ್ಟಿಯಾಗಿ ಓದುವುದು; ಚಿಕ್ಕವನು ರುಬ್ಬುವಾಗ ದೊಡ್ಡವನು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು. ಹೀಗೆ ದಿನಕ್ಕೆ ಎರಡು ಗಂಟೆ ಸಿಕ್ಕಿತು.

ಆದರೆ ಆಸೆ ಅಲ್ಲಿಗೆ ನಿಲ್ಲಲಿಲ್ಲ. 1967ರಲ್ಲಿ ಪರೀಕ್ಷೆಯ ಭಯದಿಂದ ಚಿಕ್ಕವನು ರಾತ್ರಿ ಎರಡರವರೆಗೆ ಎದ್ದಿರತೊಡಗಿದ. ಒಂದು ಬೆಳಿಗ್ಗೆ ಕುದಿಯುವ ಸಾಂಬಾರಿನ ಪಾತ್ರೆಯನ್ನು ಎತ್ತಿ ತರುವಾಗ ನಿದ್ದೆಯ ಮಂಪರಿನಲ್ಲಿ ಕಾಲು ಜಾರಿತು. ಎದುರಿಗಿದ್ದ ದೊಡ್ಡವನು ಕೈ ಅಡ್ಡ ಕೊಟ್ಟ. ಪಾತ್ರೆ ಅವನ ಎಡತೋಳಿನ ಮೇಲೆ ಬಗ್ಗಿತು. ಆ ಸುಟ್ಟ ಕಲೆ ಕೊನೆಯವರೆಗೂ ಅವನ ತೋಳಿನಲ್ಲಿತ್ತು. ಸಂಗತಿಯನ್ನು ಕೇಳಿದ ಮಾಸ್ತರರು ತಲೆ ತಗ್ಗಿಸಿ ಹೇಳಿದರು: “ಪಾಠದ ಅರ್ಧವನ್ನು ಹೇಳಲು ಮರೆತೆ. ಆ ಬಾಗಿಲುಗಳ ಜಾಣತನ ನೀರು ಹಿಡಿಯುವುದರಲ್ಲಿ ಮಾತ್ರ ಇಲ್ಲ. ನೀರು ಮಿತಿ ಮೀರಿದಾಗ ಅವು ತಾವಾಗಿ ತೆರೆದುಕೊಳ್ಳುತ್ತವೆ. ಇಲ್ಲದಿದ್ದರೆ ಕಟ್ಟೆಯೇ ಒಡೆದುಹೋದೀತು.”

ಬಂಧುಗಳೇ, ಮೊದಲನೆಯ ಅರ್ಧವನ್ನು ಹೇಳುವವರು ಲೋಕದಲ್ಲಿ ಬಹಳ ಮಂದಿ. ಎರಡನೆಯ ಅರ್ಧವನ್ನು ಇಂದಿನ ತಂದೆತಾಯಿಗಳಿಗೆ ನಾವು ವಿಶೇಷವಾಗಿ ಅರಿಕೆ ಮಾಡುತ್ತೇವೆ. ಮಕ್ಕಳಿಗೆ ಈ ಕ್ಲಾಸು, ಆ ಕ್ಲಾಸು ಎಂದು ಬಾಗಿಲು ಹಾಕುತ್ತಲೇ ಹೋಗುತ್ತೀರಿ. ತೆರೆದುಕೊಳ್ಳುವ ಬಾಗಿಲನ್ನೂ ಒಂದಿಷ್ಟು ಇಟ್ಟಿರಿ.

ಚಿಕ್ಕವನು 1968ರಲ್ಲಿ ಗಣಿತದಲ್ಲಿ ನಪಾಸಾಗಿ 1969ರಲ್ಲಿ ಎಸ್.ಎಸ್.ಸಿ. ಪಾಸಾದ, ಎರಡು ವರ್ಷದ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾದ. ಅಂದು ಅವ್ವನಿಗೆ ಚೀಟಿ ಬರೆದವನು ದೊಡ್ಡವನು: “ನಾವು ಪಾಸಾದೆವು.” ಸರ್ಟಿಫಿಕೇಟಿನಲ್ಲಿ ಒಂದೇ ಹೆಸರಿದ್ದರೂ ಆ ವಾಕ್ಯದಲ್ಲಿ ತಪ್ಪಿರಲಿಲ್ಲ.

ನಾಲ್ಕನೆಯ ಮಾತೂ ಆ ಮಾಸ್ತರರದೇ; ಆದರೆ ಅದು ನಮಗೆ ಅರ್ಥವಾದದ್ದು ಬಹಳ ತಡವಾಗಿ.

ಶಾಲೆ ಬಿಡುವ ದಿನ ಅವರು ಹೇಳಿದ್ದರು: “ಭಾಷೆ ರಕ್ತದಲ್ಲಿ ಇಳಿದುಬರುವುದಿಲ್ಲ, ನಾಲಗೆಯಲ್ಲಿ ಇಳಿದುಬರುತ್ತದೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರು ಕನ್ನಡವನ್ನು ಹಿಡಿದರು, ಕನ್ನಡ ಅವರದಾಯಿತು. ನೀವು ಕನ್ನಡದಲ್ಲೇ ಹುಟ್ಟಿದವರು. ಬಿಟ್ಟರೆ ಅದು ನಿಮ್ಮದಲ್ಲ.” ಮುಂದೆ ಜ್ಞಾನಪೀಠ ಪ್ರಶಸ್ತಿ 1973ರದು ಬೇಂದ್ರೆಯವರಿಗೂ 1983ರದು ಮಾಸ್ತಿಯವರಿಗೂ ಬಂದಾಗ ನಾವು ಪತ್ರಿಕೆಯಲ್ಲಿ ಓದಿ ಹಿಗ್ಗಿದೆವು, ಚಪ್ಪಾಳೆ ತಟ್ಟಿದೆವು. ಮನೆಯಲ್ಲಿ ಮಾಡಿದ್ದು ಬೇರೆ. ಮಕ್ಕಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಉತ್ತರ ಕೊಟ್ಟರೆ ನೆಂಟರ ಮುಂದೆ ಬೀಗಿದೆವು. “ಕನ್ನಡ ಎಲ್ಲಿ ಹೋದೀತು? ಮನೆಯ ಭಾಷೆ, ಬೇಕಾದಾಗ ಬರುತ್ತದೆ” ಎಂದುಕೊಂಡೆವು.

2012ರಲ್ಲಿ ನಮ್ಮ ಮಗ ಪುಣೆಯ ಮರಾಠಿ ಮನೆಯ ಹುಡುಗಿಯನ್ನು ಮದುವೆಯಾದ. ಆಕೆ ಮನೆಗೆ ಬಂದು ತಿಂಗಳಾಗುವುದರೊಳಗೆ ನೋಟುಬುಕ್ಕೊಂದನ್ನು ತಂದು ದೊಡ್ಡವನ ಎದುರು ಕೂತು, “ದೊಡ್ಡ ಮಾವ, ಅಕ್ಷರ ಹೇಳಿಕೊಡಿ” ಎಂದು ಹಟ ಹಿಡಿದಳು. ಓದಲು ಬಿಡುವು ಸಿಗದೆ ತಮ್ಮನನ್ನು ಓದಿಸಿದ ಆ ಮುದುಕ ಅರುವತ್ತೈದರಲ್ಲಿ ಮಾಸ್ತರನಾದ! ದಿನವೂ ಸಂಜೆ ಅರ್ಧ ಗಂಟೆ. ಆಕೆಯ ‘ಳ’ಕಾರಕ್ಕೆ ಅವನು ಭೇಷ್ ಎನ್ನುತ್ತಿದ್ದ, ಮರಾಠಿಯಲ್ಲಿಯೂ ಅದು ಉಂಟಲ್ಲವೇ!

2014ರಲ್ಲಿ ದೊಡ್ಡವನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮೊದಲು ಪೂರ್ತಿ ನಿಂತು, ಮತ್ತೆ ಸ್ವಲ್ಪ ಸ್ವಲ್ಪವಾಗಿ ಬಂತು. ಬಂದದ್ದು ಕನ್ನಡ ಮಾತ್ರ. ಐವತ್ತು ವರ್ಷ ಈ ಊರಿನಲ್ಲಿ ಆಡಿದ ಹಿಂದಿ, ಮರಾಠಿ ಅವನ ನಾಲಗೆಗೆ ಮರಳಿ ಬರಲೇ ಇಲ್ಲ. ಆಸ್ಪತ್ರೆಯಲ್ಲಿ ಒಂದು ಸಂಜೆ ನಮ್ಮ ಮಗನೂ ಮಗಳೂ ಅವನ ಹಾಸಿಗೆಯ ಹತ್ತಿರ ನಿಂತಿದ್ದರು. ಅವನು ಏನನ್ನೋ ಬೇಡುತ್ತಿದ್ದ. ಅವನು ಹೊತ್ತು ಆಡಿಸಿದ ಮಕ್ಕಳು ಅವರು, ಅವರಿಗೆ ಅರ್ಥವಾಗಲಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಿದರು. ಹಿಂದಿನಿಂದ ಸೊಸೆ ಬಂದು ಕಿವಿಗೊಟ್ಟು ಕೇಳಿ, “ಗಂಜಿ ಕೇಳುತ್ತಿದ್ದಾರೆ. ಉಪ್ಪು ಹಾಕಿದ ಗಂಜಿ” ಎಂದಳು. ಎರಡು ವರ್ಷ ಕನ್ನಡ ಕಲಿತವಳಿಗೆ ಅದು ತಿಳಿಯಿತು. ಮೂವತ್ತು ವರ್ಷ ಕನ್ನಡದ ಮನೆಯಲ್ಲಿ ಬೆಳೆದವರಿಗೆ ತಿಳಿಯಲಿಲ್ಲ. ತಪ್ಪು ಆ ಮಕ್ಕಳದಲ್ಲ, ನಮ್ಮದು. ಮಾಸ್ತರರ ಮಾತು ಅಂದು ನಮಗೆ ಪೂರ್ತಿಯಾಗಿ ಅರ್ಥವಾಯಿತು. ಅವ್ವನಿಗೆ ಹದಿನೆಂಟು ಚೀಟಿಗಳನ್ನು ಖಾಲಿ ಕಳಿಸಿದ ಹಾಗೆಯೇ ನಾವು ನಮ್ಮ ಮಕ್ಕಳಿಗೂ ಖಾಲಿ ಚೀಟಿ ಕೊಟ್ಟಿದ್ದೆವು. ಫೀಸು ಕಟ್ಟಿದೆವು, ಮನೆ ಮಾಡಿಕೊಟ್ಟೆವು. ಜೊತೆಗೆ ಎರಡು ಅಕ್ಷರ ಕೊಡಲಿಲ್ಲ.

ಇದನ್ನು ಅಳುವುದಕ್ಕಾಗಿ ಹೇಳುತ್ತಿಲ್ಲ. ಆ ಸಂಜೆಯ ಮೇಲೆ ನಮ್ಮ ಮಗಳು ತನ್ನಷ್ಟಕ್ಕೆ ತಾನೇ ಸಂಘದ ಭಾನುವಾರದ ಕನ್ನಡ ತರಗತಿಗೆ ಬರತೊಡಗಿದಳು. ಸಣ್ಣ ಮಕ್ಕಳ ನಡುವೆ ಕೂತು ಕಲಿಯಲು ನಾಚಿಕೆಯಾಗುವುದಿಲ್ಲವೇ ಎಂದು ಯಾರೋ ಕೇಳಿದರಂತೆ. ಆಗ ಅವಳಿಗೆ ನಾವು ಭಟ್ಟರ ಗ್ಲಾಸಿನ ಕಥೆಯನ್ನು ಹೇಳಿದೆವು. ಕಲಿಯುವುದು ನಾಚಿಕೆಯಲ್ಲ. ಈಗ ಮೊಮ್ಮಗಳು ತಾಯಿಯ ಹತ್ತಿರ ಕನ್ನಡವನ್ನೂ ಅಜ್ಜಿಯ ಹತ್ತಿರ ಮರಾಠಿಯನ್ನೂ ಮಾತನಾಡುತ್ತಾಳೆ. ಒಂದರಿಂದ ಇನ್ನೊಂದಕ್ಕೆ ಕೊರತೆಯಾದದ್ದನ್ನು ನಾವು ಕಂಡಿಲ್ಲ. ನಮಗೆ ಅನ್ನ ಕೊಟ್ಟ ಈ ನೆಲದ ಭಾಷೆಯನ್ನು ಆದರದಿಂದ ಆಡುವವನೇ ತನ್ನ ಭಾಷೆಯನ್ನೂ ಆದರದಿಂದ ಉಳಿಸಿಕೊಂಡಾನು.

ಇಷ್ಟು ದೀರ್ಘವಾಗಿ ಮಾತನಾಡಿದ್ದಕ್ಕೆ ಕ್ಷಮೆಯಿರಲಿ. ಹೇಳಿದ್ದನ್ನು ಸಂಗ್ರಹಿಸಿದರೆ ಬಹಳವಿಲ್ಲ. ಹಣದ ಜೊತೆಗೆ ಎರಡು ಅಕ್ಷರ ಕಳಿಸಿ. ಊರಿನಲ್ಲಿ ಕಾಯುವ ಹಿರಿಯರಿದ್ದರೆ ಇಂದು ರಾತ್ರಿಯೇ ದೂರವಾಣಿಯಲ್ಲಿ ಮಾತನಾಡಿ. ಕೆಲಸ ಯಾವುದೇ ಆಗಲಿ, ಗ್ಲಾಸು ಚೊಕ್ಕವಾಗಿರಲಿ. ಹರಿದುಹೋಗುವ ಹೊತ್ತಿಗೆ ಬಾಗಿಲು ಇಡಿ. ಮಿತಿ ಮೀರಿದಾಗ ತೆರೆಯಲೂ ಕಲಿಯಿರಿ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕನ್ನಡದಲ್ಲಿ ಮಾತನಾಡಿ. ರಾಜ್ಯೋತ್ಸವ ವರ್ಷಕ್ಕೆ ಒಂದು ದಿನ. ಆ ಅರ್ಧ ಗಂಟೆ ಮುನ್ನೂರ ಅರುವತ್ತೈದು ದಿನ.

ಅವ್ವನ ತಗಡಿನ ಪೆಟ್ಟಿಗೆ ಈಗ ನಮ್ಮ ಖೋಲಿಯಲ್ಲಿದೆ. ಬೇಕಾದವರು ಮನೆಗೆ ಬಂದು ನೋಡಬಹುದು. ಕಾಫಿ ಕೊಡುತ್ತೇವೆ, ಗ್ಲಾಸು ಚೊಕ್ಕವಾಗಿರುತ್ತದೆ.

 ಸಿರಿಗನ್ನಡಂ ಗೆಲ್ಗೆ.